ಏರಿಯ ಮೇಲೆ ನಿಂತವರು, ಕೆಸರಿಗೆ ಇಳಿದವರು

ಓಸ್ಟರ್‌ವಿರ್ಡ್
ಜೂನ್ 4, ಗುರುವಾರ

ಗೆರ್ಲೋಫ್,

ಪ್ರಿಯ-ಗಿಯ ಏನೂ ಇಲ್ಲ ಈ ಸಲ. ಹೆಸರು ಬರೆದದ್ದೇ ಹೆಚ್ಚು ಅಂದುಕೋ.

ನಾಲ್ಕು ಸಲ ಫೋನ್ ಮಾಡಿದ್ದೀಯ, ನಾನು ಎತ್ತಲಿಲ್ಲ. ಎತ್ತುವುದೂ ಇಲ್ಲ. ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಅರ್ಧ ಇಳಿದುಹೋಗುತ್ತದೆ. ಅದು ನಿನಗೂ ಗೊತ್ತು, ಅದಕ್ಕೇ ಫೋನ್ ಮಾಡುತ್ತೀಯ. ಈ ಸಿಟ್ಟು ಇಳಿಯುವುದು ನನಗೆ ಬೇಕಾಗಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಅದೂ ಅಪ್ಪನ ಪೆನ್ನಿನಲ್ಲಿ. ಶಾಯಿ ಅಲ್ಲಲ್ಲಿ ಒಡೆದಿದ್ದರೆ ಒತ್ತಿ ಬರೆದಿದ್ದೇನೆ ಎಂದು ತಿಳಿ.

ಮೊದಲು ಕೆಲಸದ ಮಾತು. ಮುಂದಿನ ಶುಕ್ರವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ಮಾರ್ಗದರ್ಶಿಗಳ ಸಂಘದ ಸಮಿತಿ ನನ್ನನ್ನು ಕರೆಸಿದೆ. ಕಡಲು ಇಳಿದಾಗ ಕೆಸರುಬಯಲಿನ ಮೇಲೆ ಜನರನ್ನು ದ್ವೀಪಕ್ಕೆ ನಡೆಸಿಕೊಂಡು ಹೋಗುವ ಪರವಾನಗಿ ನನ್ನ ಹತ್ತಿರ ಇರಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಅಪ್ಪ ಮೂವತ್ತೆಂಟು ವರ್ಷ ನಡೆಸಿದರು, ನಾನು ಹದಿನಾಲ್ಕು. ನಮ್ಮ ಮನೆಯವರ ಹಿಂದೆ ಹೋದ ಒಬ್ಬರೂ ಇವತ್ತಿನವರೆಗೆ ಕೆಸರಿನಲ್ಲಿ ಉಳಿದಿಲ್ಲ. ಈಗ ನಾನು ಕಟಕಟೆಯಲ್ಲಿ ನಿಂತ ಹಾಗೆ ನಿಲ್ಲಬೇಕು. ನಿನ್ನಿಂದ ಬೇಕಾದ್ದು ಇಷ್ಟೇ: 'ವೀಟ್ಸ್ಕೆಯ ವೆಬ್‌ಸೈಟ್‌ನಲ್ಲಿ ಅವಳ ಅಪ್ಪ ಸಿಪ್ಕೆ ಬರೆದಿದ್ದ ಪುಟವನ್ನು ಬದಲಾಯಿಸಿದವನು ನಾನು' ಎಂದು ಬರೆದು, ಸಹಿ ಹಾಕಿ, ಗುರುವಾರದೊಳಗೆ ಸಮಿತಿಗೆ ಕಳಿಸು. ಇನ್ನೇನೂ ಬೇಡ. ಕ್ಷಮೆ ಬೇಡ, ಹೂವು ಬೇಡ.

ನಡೆದದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀಯ. ಅಲ್ಲಿ ಬಂದದ್ದು ಆರು ಸಾಲು. ನಾನು ಹೇಳುತ್ತೇನೆ ಕೇಳು.

ಮೇ ಇಪ್ಪತ್ತಮೂರು, ಶನಿವಾರ. ಮೂರು ದಿನದಿಂದ ವಾಯವ್ಯದ ಗಾಳಿ. ಆ ಗಾಳಿ ಬೀಸಿದರೆ ಇಳಿತದ ಹೊತ್ತಿನಲ್ಲೂ ಕೆಸರುಬಯಲಿನ ನಡುವಿನ ಹಳ್ಳಗಳಲ್ಲಿ ನೀರು ಇಳಿಯುವುದಿಲ್ಲ ಎಂದು ನಿನಗೆ ಗೊತ್ತಿದೆ. ಹನ್ನೊಂದು ವರ್ಷ ಸಂಸಾರ ಮಾಡಿ ಒಮ್ಮೆಯೂ ಎರಡನೇ ಹಳ್ಳ ದಾಟದವನಿಗೂ ಅಷ್ಟು ಗೊತ್ತಿರಬೇಕು. ನಾನು ಅವತ್ತಿನ ತಂಡಕ್ಕೆ ಬೆಳಿಗ್ಗೆಯೇ ಫೋನ್ ಮಾಡಿ ಬರಬೇಡಿ ಎಂದಿದ್ದೆ. ಬಟ್ಟೆ ಒಣಹಾಕಲು ಹೋದವಳು ಸುಮ್ಮನೆ ಕಡಲಿಗೆ ಅಡ್ಡ ಕಟ್ಟಿದ ಏರಿಯನ್ನು ಹತ್ತಿ ನೋಡಿದೆ. ಬಹಳ ದೂರದಲ್ಲಿ ಎರಡು ತಲೆ. ಕೋಲಿಲ್ಲ. ನಮ್ಮವರ ಹಿಂದೆ ಹೋಗುವವರ ಕೈಯಲ್ಲಿ ಕೋಲು ಇರಲೇಬೇಕು. ದೂರದಿಂದ ನೋಡಿದರೆ ಒಬ್ಬೊಬ್ಬರಿಗೂ ಮೂರು ಕಾಲು ಕಾಣಬೇಕು ಎನ್ನುತ್ತಿದ್ದರು ಅಪ್ಪ. ಇವರಿಗೆ ಎರಡೆರಡೇ ಕಾಲು. ಮೊದಲ ಹಳ್ಳ ದಾಟಿಬಿಟ್ಟಿದ್ದರು, ಎರಡನೆಯದು ತುಂಬಿತ್ತು. ನಡುವಿನ ಮರಳಿನ ಮೇಲೆ ನಿಂತಿದ್ದರು, ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ರಕ್ಷಣಾ ದೋಣಿಗೆ ಫೋನ್ ಮಾಡಿದೆ. ದೋಣಿ ಹೊರಟು ಅವರನ್ನು ಮುಟ್ಟಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷವೂ ನಾನು ದುರ್ಬೀನು ಕಣ್ಣಿಗೊತ್ತಿಕೊಂಡು ಎಣಿಸುತ್ತಿದ್ದೆ. ಒಂದು, ಎರಡು. ಒಂದು, ಎರಡು. ಗೆರ್ಲೋಫ್, ಕೊನೆಗೆ ಒಂದು ತಲೆ ಇನ್ನೊಂದರ ಮೇಲಿತ್ತು. ಅಪ್ಪನೊಬ್ಬ ತನ್ನ ಮಗಳನ್ನು ಹೆಗಲ ಮೇಲೆ ಹೊತ್ತಿದ್ದ, ನೀರು ಅವನ ಎದೆಗೆ ಬಂದಿತ್ತು.

ಅವನ ಹೆಸರು ರೂಲಿಂಗ್, ಆಪೆಲ್ಡೋರ್ನ್‌ನವನು. ಮಗಳು ಇಮ್ಕೆ, ಹದಿಮೂರು ವರ್ಷ. ದೋಣಿಯಿಂದ ಇಳಿಸಿ ನಮ್ಮ ಅಡುಗೆಮನೆಗೇ ಕರೆತಂದರು, ಆಂಬುಲೆನ್ಸ್ ಬರುವವರೆಗೆ. ನಾನು ಬಟಾಣಿ ಸೂಪು ಬಿಸಿ ಮಾಡಿ ಮುಂದಿಟ್ಟೆ. ನನಗೋ ಮೈಯೆಲ್ಲ ಉರಿಯುತ್ತಿತ್ತು. ಕೇಳಿಯೇ ಬಿಟ್ಟೆ: "ಏನ್ರೀ, ನಿಮಗೆ ತಲೆ ನೆಟ್ಟಗಿದೆಯೇನ್ರೀ? ಮಗೂನ ಕರ್ಕೊಂಡು ಯಾರನ್ನ ಕೇಳಿ ಇಳಿದ್ರಿ?"

ಆ ಮನುಷ್ಯ ನನ್ನ ಮುಖ ನೋಡಿ ಏನೆಂದ ಗೊತ್ತೇ? "ಯಾರನ್ನ ಕೇಳ್ಬೇಕು? ಇಲ್ಲಿನ ಮಾರ್ಗದರ್ಶಿನೇ ಬರ್ದಿದಾರಲ್ಲ. ಲಮ್ಮರೋಗ್ ದ್ವೀಪಕ್ಕೆ ಹನ್ನೆರಡು ಕಿಲೋಮೀಟರು, ಮೂರೂವರೆ ಗಂಟೆ, ಇಳಿತಕ್ಕೆ ಎರಡು ಗಂಟೆ ಮೊದಲು ಹೊರಡಬೇಕು ಅಂತ." ತನ್ನ ಫೋನು ನೀರು ಕುಡಿದು ಸತ್ತಿತ್ತು, ನನ್ನ ಫೋನು ಕೇಳಿದ. ಹುಡುಕುವ ಪೆಟ್ಟಿಗೆಯಲ್ಲಿ 'ಒಬ್ಬರೇ ಲಮ್ಮರೋಗ್‌ಗೆ ನಡೆದು ಹೋಗಬಹುದೇ' ಎಂದು ಬರೆದ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅದೇ ಸಾಲು ಬಂತು. ಕೆಳಗೆ ನನ್ನ ಹೆಸರು.

ಅವನು ನಮ್ಮ ಪುಟದೊಳಗೆ ಬಂದೇ ಇರಲಿಲ್ಲ. ಬಂದಿದ್ದರೆ ಕೆಳಗೆ, ಬೂದು ಚೌಕದಲ್ಲಿ 'ಮಾರ್ಗದರ್ಶಿ ಇಲ್ಲದೆ ಹೋಗಬೇಡಿ' ಎಂದು ಇತ್ತಲ್ಲ, ಅದನ್ನು ಓದುತ್ತಿದ್ದನೇನೋ. ಹುಡುಕಾಟದವರು ನಮ್ಮ ಪುಟದಿಂದ ತಮಗೆ ಬೇಕಾದ ಒಂದು ಸಾಲು ಕಿತ್ತು ಮೇಲೆ ಅಂಟಿಸಿದ್ದರು, ಉಳಿದದ್ದನ್ನು ಬಿಟ್ಟಿದ್ದರು. ಇಮ್ಕೆ ದೋಣಿಯವರು ಚಳಿಗೆ ಹೊದಿಸಿದ್ದ ಬೆಳ್ಳಿ ಬಣ್ಣದ ಹಾಳೆ ಸುತ್ತಿಕೊಂಡು ಗಡಗಡ ನಡುಗುತ್ತಲೇ ಅಂದಳು: "ನಾನು ಹೇಳ್ದೆ ಅಪ್ಪಂಗೆ, ಒತ್ತಿ ಪೂರ್ತಿ ಓದು ಅಂತ. ಓದೋಕೇನಿದೆ, ಇಲ್ಲೇ ಇದ್ಯಲ್ಲಾ ಅಂದ್ರು." ಅವಳನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಈಗ ಚೆನ್ನಾಗಿದ್ದಾಳೆ. ರೂಲಿಂಗ್ ಮನೆಗೆ ಹೋದವನೇ ಸಂಘಕ್ಕೆ ದೂರು ಬರೆದ. ಅವನ ಮೇಲೆ ನನಗೆ ಸಿಟ್ಟು ಬರಬೇಕು. ಬರುತ್ತಿಲ್ಲ, ಅದೆಲ್ಲ ನಿನ್ನ ಕಡೆಗೇ ಬರುತ್ತಿದೆ.

ಆ ಪುಟದಲ್ಲಿ ಅಪ್ಪ ಏನು ಬರೆದಿದ್ದರು, ನೆನಪಿದೆಯೇ? ತಲೆಬರಹ: 'ಒಬ್ಬರೇ ಲಮ್ಮರೋಗ್‌ಗೆ ನಡೆದು ಹೋಗಬಹುದೇ? ಇಲ್ಲ.' ಒಳಗೆ: 'ಇಲ್ಲ. ಫೋನ್ ಮಾಡಿ.' ಮುಗಿಯಿತು. ನೀನು ಆ ಪುಟವನ್ನು ಮಾಡಿಕೊಟ್ಟ ದಿನ ಇದೇ ಮೇಜಿನ ಮುಂದೆ ಕೂತು ಅವರ ಹತ್ತಿರ ಗೋಗರೆದೆ: "ಮಾವ, ಇನ್ನೊಂದೆರಡು ಮಾತು ಹೇಳಿ. ಯಾಕೆ ಬೇಡ, ಎಲ್ಲಿ ಅಪಾಯ, ಎಷ್ಟು ದೂರ." ಅಪ್ಪ ಸಕ್ಕರೆ ಬ್ರೆಡ್ಡಿಗೆ ಬೆಣ್ಣೆ ಬಳಿಯುವುದನ್ನೂ ನಿಲ್ಲಿಸಲಿಲ್ಲ. "ಯಾಕೆ ಅಂತ ಹೇಳಿದ್ರೆ ವಾದಕ್ಕೆ ನಿಲ್ತಾರೆ ಕಣಯ್ಯಾ. ಎಷ್ಟು ದೂರ ಅಂತ ಹೇಳಿದ್ರೆ ಹೊರಟೇ ಬಿಡ್ತಾರೆ," ಅಂದರು. ಫೋನಿನಲ್ಲೂ ಅವರದು ಅದೇ ಪದ್ಧತಿ. ನಮ್ಮ ಕಡಲತೀರದ ಹಳಬರೆಲ್ಲ ಹಾಗೇ. ಒಬ್ಬರೇ ಹೋಗಬಹುದೇ ಎಂದವರಿಗೆ 'ಇಲ್ಲ' ಅನ್ನುವುದು, ಆಮೇಲೆ ಸುಮ್ಮನಿರುವುದು. ದೂರವನ್ನಾಗಲಿ ಹೊತ್ತನ್ನಾಗಲಿ ಕೋಲು ಹಿಡಿದು ಏರಿಯ ಮೇಲೆ ಬಂದು ನಿಂತವರಿಗೆ ಮಾತ್ರ ಹೇಳುವುದು.

ಹುಡುಕಾಟದ ವರದಿ ಓದುವುದನ್ನು ನೀನೇ ಕಲಿಸಿದ್ದು, ನಿನ್ನ ಹೊಟ್ಟೆಪಾಡೇ ಅದಲ್ಲವೇ. ಅಲ್ಲಿ ಎರಡು ಅಂಕಣ. ಹುಡುಕಿದಾಗ ನಮ್ಮ ಹೆಸರು ಎಷ್ಟು ಜನರ ಕಣ್ಣಿಗೆ ಬಿತ್ತು ಎಂಬುದು ಒಂದು. ಅದನ್ನು ನೋಡಿ ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬುದು ಇನ್ನೊಂದು. ಅಪ್ಪನಿಗೆ ನಿನ್ನ ಪದಗಳು ನಾಲಿಗೆಗೆ ಹತ್ತಲಿಲ್ಲ, ಅವರೇ ಹೆಸರಿಟ್ಟರು: ಏರಿಯ ಮೇಲೆ ನಿಂತವರು, ಕೆಸರಿಗೆ ಇಳಿದವರು. ನೀನು ಎಷ್ಟು ನಕ್ಕೆ ಅವತ್ತು. ಕಚೇರಿಯಲ್ಲೂ ಹಾಗೇ ಹೇಳುತ್ತೇನೆ ಎಂದೆ. ಹೇಳಿರುತ್ತೀಯ.

ಹೋದ ಋತುವಿನಲ್ಲಿ ಆ ಪುಟಕ್ಕೆ ಏರಿಯ ಮೇಲೆ ನಿಂತವರು 9,412. ಕೆಸರಿಗೆ ಇಳಿದವರು 71. ನೀನು ನಿನ್ನ ಉಟ್ರೆಕ್ಟ್ ಕಚೇರಿಯಿಂದ ಕೆಂಪು ಗೆರೆ ಎಳೆದು ಕಳಿಸಿದೆ: ಇದು ನಿನ್ನ ಅತಿ ದುರ್ಬಲ ಪುಟ, ನೂರಕ್ಕೆ ಒಬ್ಬರೂ ಒಳಗೆ ಬರುತ್ತಿಲ್ಲ, ಉತ್ತರ ಹೊಸಿಲಲ್ಲೇ ಸಿಕ್ಕಿಬಿಟ್ಟರೆ ಯಾರು ಒಳಗೆ ಬರುತ್ತಾರೆ. ದುರ್ಬಲವಂತೆ! ಒಂಬತ್ತು ಸಾವಿರದ ಮುನ್ನೂರ ನಲವತ್ತೊಂದು ಜನ 'ಇಲ್ಲ' ಎಂಬುದನ್ನು ಓದಿ, ಸರಿ ಎಂದು ಫೋನು ಜೇಬಿಗಿಟ್ಟು, ಐಸ್‌ಕ್ರೀಮ್ ತಿನ್ನಲು ಹೋದರು. ಆ ಪುಟಕ್ಕೆ ಇದ್ದದ್ದು ಅದೊಂದೇ ಕೆಲಸ. ನಿನ್ನ ಲೆಕ್ಕದಲ್ಲಿ ಒಳಗೆ ಬಾರದವರು ಕಳೆದುಹೋದವರು. ನಮ್ಮ ಲೆಕ್ಕದಲ್ಲಿ ಅವರು ಬದುಕಿ ಮನೆಗೆ ಹೋದವರು. ಇಷ್ಟು ಬುದ್ಧಿವಂತನಿಗೆ ಇದು ಹೊಳೆಯಲಿಲ್ಲವೇ?

ಮಾರ್ಚಿನಲ್ಲಿ ನೀನು ತಲೆಬರಹ ಬದಲಿಸಿದೆ: 'ಲಮ್ಮರೋಗ್‌ಗೆ ನಡಿಗೆ: ದೂರ, ಸಮಯ, ಸಿದ್ಧತೆ, ಮಾರ್ಗದರ್ಶಿಯ ಮಾತಿನಲ್ಲೇ'. ಆಹಾ, ಬಾಯಲ್ಲಿ ನೀರೂರಬೇಕು. ಕೆಳಗೆ ಅಚ್ಚುಕಟ್ಟಾದ ಸಣ್ಣ ಸಣ್ಣ ಉತ್ತರಗಳು. ಅಪ್ಪನ 'ಇಲ್ಲ'ವನ್ನು ಪುಟದ ತಳಕ್ಕೆ ತಳ್ಳಿ ಬೂದು ಬಣ್ಣ ಬಳಿದೆ. ಏಪ್ರಿಲ್‌ನಲ್ಲಿ ಕೆಸರಿಗೆ ಇಳಿದವರು ಎಂಟು ಪಟ್ಟು. ಸತ್ತು ಎರಡು ವರ್ಷವಾದ ಮನುಷ್ಯನ ಮಾತನ್ನು ಹೀಗೆ ಮೂಲೆಗೆ ತಳ್ಳಲು ನಿನಗೆ ಕೈ ಹೇಗೆ ಬಂತು?

ಇಷ್ಟು ಬರೆದು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಇಲ್ಲದಿದ್ದರೆ ನೀನೇ ಎತ್ತಿ ಆಡುತ್ತೀಯ. ಹೌದು, ಜನ ಬರುವ ಹಾಗೆ ಮಾಡು ಎಂದು ಕೇಳಿದವಳು ನಾನು. ಅಪ್ಪನ ಕಾಲದಲ್ಲಿ ಒಂದು ಬೇಸಿಗೆಗೆ ಅರವತ್ತು ತಂಡ, ಹೋದ ವರ್ಷ ನನಗೆ ಹತ್ತೊಂಬತ್ತು. ಏನು ಹುಡುಕಿದರೂ ಮೇಲೆ ಬರುವುದು ಆ ದೊಡ್ಡ ಬುಕಿಂಗ್ ಕಂಪನಿ. ಅವರಲ್ಲಿ ಒಬ್ಬರ ಕಾಲಿಗೂ ನಮ್ಮ ಕೆಸರು ಮೆತ್ತಿಲ್ಲ. ಜನವರಿಯಲ್ಲಿ ಫೋನಿನಲ್ಲಿ ನಿನ್ನ ಮುಂದೆ ಅತ್ತುಬಿಟ್ಟೆ. ಅತ್ತದ್ದನ್ನು ಮರೆತುಬಿಡು.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬರೆದಿಡು ಎಂದೆ ನೀನು, ನಾನು ಚಳಿಗಾಲವೆಲ್ಲ ಬರೆದಿಟ್ಟೆ. ನಮ್ಮ ಮೊದಲ ಪುಟದ ತಲೆಬರಹ 'ಸಿಪ್ಕೆ ಮತ್ತು ಮಗಳು' ಎಂದಿತ್ತು. "ನಿಮ್ಮಪ್ಪನ ಹೆಸರು ಗೊತ್ತಿದ್ದೋರು ಫೋನ್ ಮಾಡ್ತಾರೆ, ಹುಡುಕಲ್ಲ ಕಣೇ. ಗೊತ್ತಿಲ್ದೋರು ಏನು ಕೇಳ್ತಾರೋ ಅದನ್ನ ಬರಿ," ಎಂದೆ ನೀನು. ಒಂದು ಪುಟಕ್ಕೆ ಒಂದೇ ಪ್ರಶ್ನೆ, ಉತ್ತರ ಮೊದಲ ಸಾಲಿನಲ್ಲೇ. ಎಂಥ ಬೂಟು ಬೇಕು ಎಂಬ ಪುಟ ಬರೆದೆ, ಹಾಕಿದ ಬೂಟು ಕೆಸರಲ್ಲೇ ಉಳಿದವರ ಕಥೆಯನ್ನೂ ಸೇರಿಸಿದೆ. ಎಷ್ಟು ವಯಸ್ಸಿನ ಮಕ್ಕಳು ಬರಬಹುದು ಎಂಬ ಪುಟ ಬರೆದೆ. ಹಳೆಯ ತಂಡಗಳ ಫೋಟೊ ಹಾಕಿದೆ. ಬೂಟಿನ ಪುಟದ ಕೊನೆಯಲ್ಲಿ ನಡಿಗೆಯ ದಿನಗಳ ಪುಟಕ್ಕೆ ದಾರಿ ಕೊಡು ಎಂದೆ ನೀನು, ನಾನು ಕೊಟ್ಟೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಇಪ್ಪತ್ತಾರು ತಂಡ ಹೆಸರು ಬರೆಸಿದ್ದವು. ಜನ ಬಂದರು, ಅದೂ ಬರಬೇಕಾದವರೇ ಬಂದರು. ಅಷ್ಟರ ಮಟ್ಟಿಗೆ ನೀನು ಮಾಡಿದ್ದು ಚೆನ್ನಾಗಿಯೇ ಇತ್ತು.

ಅಲ್ಲಿಗೇ ನಿಲ್ಲಿಸಬಾರದಾಗಿತ್ತೇ? ಬೂಟಿಗೆ ಒಳ್ಳೆಯದಾದದ್ದು ಕಡಲಿಗೂ ಒಳ್ಳೆಯದು ಎಂದು ಯಾರು ಹೇಳಿದರು ನಿನಗೆ? ಬೂಟಿನ ಬಗ್ಗೆ ಅರ್ಧ ಓದಿ ಬಂದವರ ಕಾಲು ಒದ್ದೆಯಾಗುತ್ತದೆ, ಅಷ್ಟೇ. ಹಳ್ಳದ ಬಗ್ಗೆ ಅರ್ಧ ಓದಿ ಬಂದರೆ ಏನಾಗುತ್ತದೆ ಎಂದು ನಾನು ನಲವತ್ತು ನಿಮಿಷ ನಿಂತು ನೋಡಿದ್ದೇನೆ. ಆ ಸಾಲನ್ನು ಬರೆದವರು ಯಾರು, ಹಾಕಿದವರು ಯಾರು ಎಂಬ ಮಾತು ಈಗ ಬೇಡ. ಪುಟ ಬದಲಾಯಿಸಿದವನು ನೀನು. ವೆಬ್‌ಸೈಟಿನ ಬೀಗದ ಕೈ ನಿನ್ನ ಹತ್ತಿರ ಇತ್ತು.

ಸಮಿತಿಯ ಅಧ್ಯಕ್ಷ ಈಗ ಟೀಮೆನ್. ಅಪ್ಪನ ಜೊತೆ ನಡೆಯುತ್ತಿದ್ದವರು, ನನಗೆ ಕೋಲು ಹಿಡಿಯುವುದನ್ನು ಕಲಿಸಿದವರು. ನಿನ್ನೆ ಅಂಗಡಿಯಲ್ಲಿ ಸಿಕ್ಕರು. ಕಣ್ಣು ತಪ್ಪಿಸಿದರು. ಆಮೇಲೆ ಹಾಲಿನ ಕಪಾಟಿನ ಹತ್ತಿರ ಬಂದು ಮೆಲ್ಲಗೆ ಅಂದರು: "ಮಗಳೇ, ಒಂದೇ ಮಾತು ಕೇಳ್ತೀನಿ. ಅದು ನಿಂದಲ್ಲ, ಆ ಹುಡುಗಂದು ಅಂತ ಅವನ ಕೈಲಿ ಒಂದು ಕಾಗದ ಬರೆಸಿ ತಾ. ನಿಮ್ಮಪ್ಪನ ಮಗಳು ಹಾಗೆ ಬರೆಯೋಳಲ್ಲ ಅಂತ ನಂಗೆ ಗೊತ್ತು. ಕಾಗದ ಇದ್ರೆ ಎಲ್ರೂ ಒಪ್ತಾರೆ." ನಿನಗೆ ನಲವತ್ತೆರಡಾದರೂ ಅವರಿಗೆ ನೀನಿನ್ನೂ 'ಆ ಹುಡುಗ'. ನಾನು ಹಾಲು ತೆಗೆದುಕೊಳ್ಳುವುದನ್ನೇ ಮರೆತು ಮನೆಗೆ ಬಂದೆ.

ಆದ್ದರಿಂದ ಬರೆದು ಕಳಿಸು. ನಿನಗೆ ಇದರಿಂದ ಏನೂ ನಷ್ಟವಿಲ್ಲ. ಉಟ್ರೆಕ್ಟ್‌ನಲ್ಲಿ ಯಾರೂ ನಿನ್ನ ಕೋಲು ಕಿತ್ತುಕೊಳ್ಳುವುದಿಲ್ಲ. ನನಗೆ ಈ ಕೆಸರು ಬಿಟ್ಟರೆ ಬೇರೆ ಏನೂ ಬರುವುದಿಲ್ಲ, ಬೇರೆ ಎಲ್ಲಿಯೂ ಇರಲೂ ಬರುವುದಿಲ್ಲ. ಅದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಅಲ್ಲವೇ ನಾವು ಬೇರೆಯಾದದ್ದು.

ಇನ್ನೂ ಸಿಟ್ಟಿನಲ್ಲೇ ಇರುವ,
ವೀಟ್ಸ್ಕೆ

ಮರೆತದ್ದು:

ಜೂನ್ 12, ಶುಕ್ರವಾರ. ಮರೆತದ್ದು ಎಂದು ಬರೆದೆ, ಮರೆತಿರಲಿಲ್ಲ.

ಈ ಕಾಗದ ಎಂಟು ದಿನದಿಂದ ನನ್ನ ಮಳೆಕೋಟಿನ ಜೇಬಿನಲ್ಲೇ ಇತ್ತು. ಅಂಚೆ ಪೆಟ್ಟಿಗೆಯ ತನಕ ಎರಡು ಸಲ ಹೋಗಿ ವಾಪಸು ಬಂದೆ. ಈಗ ಸಭೆ ಮುಗಿಸಿ, ಅದೇ ಪೆಟ್ಟಿಗೆಯ ಎದುರಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲೆ ಕೇಳಿದ ಪತ್ರ ಬೇಡ. ಬರೆಯಬೇಡ.

ಫೆಬ್ರವರಿ ಹದಿನೆಂಟರ ನಿನ್ನ ಈಮೇಲ್ ನಾನು ಅಳಿಸಿರಲಿಲ್ಲ. 'ಸಿಪ್ಕೆ ಮಾವನ ಪುಟ ಮುಟ್ಟಲೋ ಬೇಡವೋ? ಎರಡು ಸಲ ಯೋಚಿಸಿ ಹೇಳು. ನನಗೆ ಧೈರ್ಯ ಬರುತ್ತಿಲ್ಲ,' ಎಂದು ಬರೆದಿದ್ದೆ. ನಾನು ಒಂದು ಸಲವೂ ಯೋಚಿಸದೆ 'ಮಾಡು' ಎಂದೆ. ಸಮಯದ ಜಾಗವನ್ನು ನೀನು ಖಾಲಿ ಬಿಟ್ಟು, 'ಇಲ್ಲಿ ಏನು ಹೇಳಬೇಕೋ ನೀನೇ ನಿರ್ಧರಿಸು, ಏನೂ ಹೇಳದಿದ್ದರೂ ಸರಿ' ಎಂದು ಬರೆದಿದ್ದೆ. ಹನ್ನೆರಡು ಕಿಲೋಮೀಟರು, ಮೂರೂವರೆ ಗಂಟೆ, ಇಳಿತಕ್ಕೆ ಎರಡು ಗಂಟೆ ಮೊದಲು. ಆ ಸಾಲು ನನ್ನದು, ನನ್ನ ಕೈಯಿಂದಲೇ ತುಂಬಿದ್ದು. ಗಾಳಿಯ ಮಾತನ್ನು ಬಿಟ್ಟದ್ದೂ ನಾನೇ. ಉದ್ದವಾದರೆ ಜನ ಓದುವುದಿಲ್ಲ ಎಂದುಕೊಂಡೆ. ಏಪ್ರಿಲ್‌ನಲ್ಲಿ ಎಂಟು ಪಟ್ಟು ಎಂದು ಕಂಡ ದಿನ ಕೇಕು ತಂದು ಒಬ್ಬಳೇ ಕೂತು ತಿಂದೆ. ಅಪ್ಪನ ಫೋಟೊಕ್ಕೂ ತೋರಿಸಿದೆ, ನಾಚಿಕೆಯಿಲ್ಲದವಳು.

ಸಭೆಯಲ್ಲಿ ಟೀಮೆನ್ ಕಾಗದಕ್ಕಾಗಿ ಕೈ ಚಾಚಿದರು. ನಾನು ನಿನ್ನ ಈಮೇಲನ್ನೂ ನನ್ನ ಉತ್ತರವನ್ನೂ ಅಚ್ಚು ಹಾಕಿಸಿಕೊಂಡು ಹೋಗಿದ್ದೆ, ಅದನ್ನೇ ಕೊಟ್ಟೆ. ಓದಿ ಕನ್ನಡಕ ತೆಗೆದರು. "ಏನಮ್ಮಾ ಇದು, ಕೊಡದೇ ಇದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದರು. ಆ ಹುಡುಗನಿಗೆ ಗೊತ್ತಿದೆ ಎಂದೆ. ಅವನು ಇಷ್ಟು ದಿನ ಫೋನ್ ಮಾಡಿದರೂ, ಒಂದು ಸಂದೇಶದಲ್ಲೂ 'ನೀನೇ ಬರೆದದ್ದಲ್ಲವೇ' ಎಂದು ಅಂದಿಲ್ಲ ಎಂದೆ. ಯಾಕೆ ಅನ್ನಲಿಲ್ಲ ಗೆರ್ಲೋಫ್? ಅಂದಿದ್ದರೆ ನನಗೆ ಜಗಳಕ್ಕಾದರೂ ಸುಲಭವಾಗುತ್ತಿತ್ತು. ಈಗಲೂ ನನಗೆ ಸಿಟ್ಟು ಬರುತ್ತಿರುವುದು ಅದಕ್ಕೇ.

ಪರವಾನಗಿ ಎರಡು ಬೇಸಿಗೆಗೆ ಹೋಯಿತು. ಇನ್ನು ಉಳಿದ ತಂಡಗಳನ್ನೆಲ್ಲ ಬೇರೆಯವರು ನಡೆಸುತ್ತಾರೆ. ನಾನು ಸಾಲಿನ ಕೊನೆಯಲ್ಲಿ ನಡೆದು ತಲೆ ಎಣಿಸಬಹುದಂತೆ. ಒಪ್ಪಿಕೊಂಡೆ.

ಪುಟವನ್ನು ಮೊದಲಿನ ಹಾಗೆ ಮಾಡಿದ್ದೇನೆ. ನಾನೇ ಮಾಡಿದೆ, ನೀನು ಕಲಿಸಿದ ಹಾಗೆಯೇ. ಒಂದು ಪ್ರಶ್ನೆ, ಉತ್ತರ ಮೊದಲ ಸಾಲಿನಲ್ಲಿ, ಕಿತ್ತುಕೊಳ್ಳಲು ಬೇರೆ ಸಾಲೇ ಇಲ್ಲ. ಈಗ ಹುಡುಕಿದರೆ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಬರುವುದು ಅಪ್ಪನ 'ಇಲ್ಲ'. ಕಳೆದ ವಾರ ಏರಿಯ ಮೇಲೆ ನಿಂತವರು 644. ಕೆಸರಿಗೆ ಇಳಿದವರು ಇಬ್ಬರು. ಸರಿಯಾಗಿದೆಯೇ ಎಂದು ನೋಡಲು ಒತ್ತಿದವಳು ನಾನು, ಒಬ್ಬಳು. ಇನ್ನೊಬ್ಬರು ಯಾರು ಎಂದು ವರದಿ ಹೇಳುವುದಿಲ್ಲ. ನೀನಾಗಿದ್ದರೆ, ಪುಟದೊಳಗೆ ಏನು ಬರೆದಿದೆ ಎಂದು ಪೂರ್ತಿ ಓದಿರುತ್ತೀಯ. ಎರಡನೇ ಮಾತನ್ನೂ ನಾನು ತೆಗೆದಿಲ್ಲ: 'ಫೋನ್ ಮಾಡಿ.'

ಈ ಸಲ ಎತ್ತುತ್ತೇನೆ.